ಒಂದು ಗಂಟು ಕೆಂಪು, ಎರಡು ಗಂಟು ಹಸಿರು

ದಾಂಡೇಲಿಯ ಪೇಂಟರ್ ಶೌಕತನ ಕಣ್ಣಿಗೆ ಕೆಂಪು ಯಾವುದು, ಹಸಿರು ಯಾವುದು ಎಂಬುದು ಹುಟ್ಟಿದಾಗಿನಿಂದ ತಿಳಿದದ್ದಿಲ್ಲ. ಇದು ಅವನಿಗೆ ಗೊತ್ತಿತ್ತು, ಅವನ ಹೆಂಡತಿ ಇಮಾಮಬಿಗೆ ಗೊತ್ತಿತ್ತು. ಮೂರನೆಯ ಕಿವಿಗೆ ಈ ಮಾತು ಬಿದ್ದಿರಲಿಲ್ಲ. ಹೀಗಿದ್ದೂ ಆ ಮನುಷ್ಯ ಮೂವತ್ತು ವರ್ಷ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಅಂಗಡಿ ಬೋರ್ಡು ಬರೆದ, ಲಾರಿಗಳ ಹಿಂಬದಿಗೆ ಹೂವು ಬಿಡಿಸಿದ, ಶಾಲೆಯ ಗೋಡೆಗಳ ಮೇಲೆ ಭಾರತದ ನಕಾಶೆ ತುಂಬಿದ. ಒಂದು ರಾಜ್ಯದ ಬಣ್ಣವೂ ಪಕ್ಕದ ರಾಜ್ಯಕ್ಕೆ ಸೋರಲಿಲ್ಲ. ನಂಬಲಿಕ್ಕೆ ಕಷ್ಟವಾದರೆ ಸೂಪಾ ಕಡೆಗೆ ಹೋಗುವ ರಸ್ತೆಯಲ್ಲಿ ಅವನ ಎರಡು ಹಳೆಯ ಬೋರ್ಡು ಇನ್ನೂ ನಿಂತಿವೆ, ಹೋಗಿ ನೋಡಿ.

ನೀಲಿ, ಹಳದಿ, ಬಿಳಿ, ಕಪ್ಪು ಅವನಿಗೆ ಚೆನ್ನಾಗಿಯೇ ಕಾಣುತ್ತಿದ್ದವು. ಕೆಂಪು, ಹಸಿರು, ಕಂದು ಮೂರೂ ಮಾತ್ರ ಹಳೆಯ ಗೋಣಿಚೀಲದ ಬಣ್ಣಕ್ಕೆ ಬಂದು ನಿಲ್ಲುತ್ತಿದ್ದವು. ಕಸುಬು ಕಲಿಸಿದ ಉಸ್ತಾದರ ಕೈಕೆಳಗೆ ಇದ್ದಷ್ಟು ದಿನ ತೊಂದರೆ ಇರಲಿಲ್ಲ. ಬಣ್ಣ ಕಲಸಿ ಕೊಡುವವರು ಅವರು, ಅಕ್ಷರ ಬರೆಯುವವನು ಇವನು. ಮದುವೆಯಾಗಿ ಸ್ವಂತ ಅಂಗಡಿ ಹಾಕಿದ ಮೊದಲ ತಿಂಗಳೇ ಎಡವಟ್ಟಾಯಿತು. ದರ್ಗಾ ಕಮಿಟಿಯವರು ಉರುಸಿಗೆಂದು ದೊಡ್ಡ ತಗಡಿನ ಬೋರ್ಡು ಒಪ್ಪಿಸಿದ್ದರು, ಹಸಿರು ನೆಲದ ಮೇಲೆ ಬಿಳಿ ಅಕ್ಷರ. ತಗಡಿಗೆ ತುಕ್ಕು ಹಿಡಿಯದಂತೆ ಮೊದಲು ಕೆಂಪು ಪ್ರೈಮರ್ ಬಳಿಯುವುದು ರೂಢಿ. ಶೌಕತ ಪ್ರೈಮರ್ ಬಳಿದ, ಒಣಗಿಸಿದ. ಆಮೇಲೆ ಹಸಿರು ಡಬ್ಬಿ ಎಂದುಕೊಂಡು ಅದೇ ಪ್ರೈಮರನ್ನು ಮತ್ತೊಮ್ಮೆ ಬಳಿದು, ಬೋರ್ಡನ್ನು ಬೀದಿಗೆ ನಿಲ್ಲಿಸಿ, "ನೋಡ್ರಿ, ಹೆಂಗೈತಿ ಹಸಿರು" ಎಂದು ಕಮಿಟಿಯ ಹಿರಿಯರನ್ನು ಕರೆದ. ಹಿರಿಯರು ಬೋರ್ಡು ನೋಡಿದರು, ಇವನ ಮುಖ ನೋಡಿದರು. ಅಷ್ಟರಲ್ಲಿ ಬುತ್ತಿ ತಂದಿದ್ದ ಹೊಸ ಮದುಮಗಳು ಇಮಾಮಬಿ ಸೆರಗು ಸರಿಮಾಡಿಕೊಂಡು, "ಅದು ಪ್ರೈಮರ್ ಐತ್ರಿ. ಹಸಿರು ನಾಳೆ ಹಚ್ಚತಾರ. ಇವರು ಚ್ಯಾಷ್ಟಿ ಮಾಡ್ತಾರ ನೋಡ್ರಿ" ಎಂದಳು. ಹಿರಿಯರು ನಕ್ಕು, ಚಹಾ ಕುಡಿದು ಹೋದರು.

ಮನೆಗೆ ಬಂದ ಮೇಲೆ ಅವಳು ಬೈಯಲಿಲ್ಲ, ಅಳಲಿಲ್ಲ. ಹಳೆಯ ದುಪಟ್ಟಾ ಹರಿದು ಪಟ್ಟಿ ಮಾಡಿ ಡಬ್ಬಿಗಳ ಹಿಡಿಕೆಗೆ ಕಟ್ಟಿದಳು. ಒಂದು ಗಂಟು ಕೆಂಪು, ಎರಡು ಗಂಟು ಹಸಿರು, ಮೂರು ಗಂಟು ಕಂದು. ಡಬ್ಬಿಯ ಮೇಲಿನ ಹೆಸರು ಎರಡೇ ದಿನಕ್ಕೆ ಬಣ್ಣ ಸುರಿದು ಮುಚ್ಚಿಹೋಗುತ್ತದೆ, ಗಂಟು ಮುಚ್ಚಿಹೋಗುವುದಿಲ್ಲ. ಅಂದಿನಿಂದ ಶೌಕತ ಇಡೀ ಬೋರ್ಡಿನಲ್ಲಿ ಮೊದಲು ಕೆಂಪು ಪದಗಳನ್ನಷ್ಟೇ ಬರೆಯುತ್ತಿದ್ದ. ನಡುವೆ ಅಳತೆ ಮಾಡಿ ಜಾಗ ಬಿಟ್ಟು, ಆ ಡಬ್ಬಿ ಮುಚ್ಚಿಟ್ಟು, ಆಮೇಲೆ ಎರಡು ಗಂಟಿನ ಡಬ್ಬಿ ತೆರೆಯುತ್ತಿದ್ದ. ಹೊಸ ಡಬ್ಬಿ ಬಂದರೆ ಅದು ಮೊದಲು ಇಮಾಮಬಿಯ ಕೈಗೆ ಹೋಗಬೇಕು. "ಹೆಂಡ್ತಿ ಕೈ ಹತ್ತದ ಡಬ್ಬಿ ಬಿಚ್ಚಂಗಿಲ್ಲ ಇಂವ" ಎಂದು ಗೆಳೆಯರು ಕಾಡುತ್ತಿದ್ದರು. "ಆಕಿ ಕೈಯಾಗ ಬರಕತ್ ಐತಿ" ಎಂದು ಅವನು ಹಾರಿಸಿಬಿಡುತ್ತಿದ್ದ.

ಒಮ್ಮೆ ಮಾತ್ರ ಈ ಏರ್ಪಾಡು ಕೈಕೊಟ್ಟಿತು. ಇಮಾಮಬಿ ಹೆರಿಗೆಗೆಂದು ಮುಂಡಗೋಡದ ತವರಿಗೆ ಹೋಗಿದ್ದಳು. ಅದೇ ತಾಲೂಕಿನ ಇಂದೂರದ ಅಡಿವೆಯ್ಯ ಎಂಬ ರೈತರು ಟ್ರ್ಯಾಕ್ಟರಿನ ಹೊಸ ಟ್ರೇಲರ್ ತಂದು ಹಸಿರು ಬಳಿಯಲು ಹೇಳಿದರು. ಸೀಮೆಎಣ್ಣೆಯಲ್ಲಿ ನೆನೆದು ಎರಡು ಡಬ್ಬಿಗಳ ಪಟ್ಟಿ ಉದುರಿಬಿದ್ದಿತ್ತು. ಶೌಕತ ಡಬ್ಬಿ ಅಲ್ಲಾಡಿಸಿ ನೋಡಿದ, ಮೂಸಿ ನೋಡಿದ, ಕೊನೆಗೆ ದೇವರ ಮೇಲೆ ಭಾರ ಹಾಕಿ ಒಂದನ್ನು ಬಳಿದ. ಅಡಿವೆಯ್ಯನವರು ಬಂದು ಟ್ರೇಲರಿಗೆ ಎರಡು ಸುತ್ತು ಹಾಕಿ, "ಭಾಳ ಛಲೋ ಹಸಿರು ಹಚ್ಚೀಯಪಾ" ಎಂದು ಬೆನ್ನು ತಟ್ಟಿ ಒಯ್ದರು. ಎರಡು ತಿಂಗಳ ಮೇಲೆ ಕೂಸನ್ನೆತ್ತಿಕೊಂಡು ಬಸ್ಸಿನಲ್ಲಿ ಬರುತ್ತಿದ್ದ ಇಮಾಮಬಿ ರಸ್ತೆಯಲ್ಲಿ ಆ ಟ್ರೇಲರ್ ಕಂಡಳು. ಅಪ್ಪಟ ಕೆಂಪು, ಹಿಂಬದಿಗೆ ಗಂಡನ ಸಹಿ ಬೇರೆ.

ಅವಳು ಬಂದು ಅದು ಕೆಂಪೆಂದು ಹೇಳಿದ ಮೇಲೆ ಶೌಕತ, ಅಡಿವೆಯ್ಯನವರಿಂದ ಇಂದು ಜಗಳ ಬಂತು, ನಾಳೆ ಜಗಳ ಬಂತು ಎಂದು ಕಾದ. ಜಗಳ ಬರಲಿಲ್ಲ. "ಕೆಂಪು ನಾನ ಹೇಳಿದ್ದು" ಎಂದು ಅಡಿವೆಯ್ಯನವರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆಂಬ ಸುದ್ದಿ ಬಂತು. ಬಡ ಪೇಂಟರನ ಮಾನ ಕಾಯಲು ಸುಳ್ಳು ಹೇಳಿದ ದೊಡ್ಡ ಮನುಷ್ಯ ಎಂದು ಶೌಕತನ ಕಣ್ಣು ತುಂಬಿ ಬಂದವು. ಅಂದಿನಿಂದ ಅವರು ಎಲ್ಲಿ ಕಂಡರೂ ದೂರದಿಂದಲೇ ಸಲಾಮು ಮಾಡಿ, ನಾಚಿಕೆಗೆ ಹತ್ತಿರ ಹೋಗದೆ ತಪ್ಪಿಸಿಕೊಳ್ಳುತ್ತಿದ್ದ.

ಬಸ್ಸಿನಲ್ಲಿ ಬಂದ ಆ ಕೂಸೇ ಮೆಹರೀನ. ಅವಳಿಗೆ ಅಕ್ಷರ ಕಲಿಸಿದ್ದು ಅಪ್ಪ, ಬಣ್ಣಗಳ ಹೆಸರು ಕಲಿಸಿದ್ದು ಅಮ್ಮ. ಇದರಲ್ಲೇನೋ ವಿಚಿತ್ರವಿದೆ ಎಂದು ಹುಡುಗಿಗೆ ಯಾವತ್ತೂ ಹೊಳೆಯಲಿಲ್ಲ. ಡಬ್ಬಿಗೆ ಗಂಟು ಯಾಕೆ ಎಂದು ಕೇಳಿದರೆ, ದೃಷ್ಟಿ ಆಗಬಾರದು ಅಂತ ಎಂದು ಅಮ್ಮ ಹೇಳಿದ್ದಳು. "ನಮ್ಮ ಅಬ್ಬಾಗ ಜಗತ್ತಿನಾಗಿನ ಎಲ್ಲಾ ಬಣ್ಣ ಗೊತ್ತು" ಎಂದು ಶಾಲೆಯಲ್ಲಿ ಹೇಳಿಕೊಂಡೇ ಬೆಳೆದಳು. ಶೌಕತನಿಗೆ ಒಂದು ಭಯ ಇದ್ದರೆ ಅದು ಇದೇ. ಗಿರಾಕಿ ಹೋದರೆ ಇನ್ನೊಬ್ಬ ಬರುತ್ತಾನೆ. ಈ ಹುಡುಗಿಗೆ ಒಂದು ದಿನ ಗೊತ್ತಾಗಿ, ಅವಳ ಕಣ್ಣಲ್ಲಿ ತಾನು ಇಳಿದುಬಿಟ್ಟರೆ ಮತ್ತೆ ಏರುವುದು ಹೇಗೆ?

ಫ್ಲೆಕ್ಸ್ ಬಂದ ಮೇಲೆ ಕುಂಚದ ಕೆಲಸ ಮೂಲೆ ಸೇರಿತು. ಶೌಕತ ಈಗ ನಂಬರ್ ಪ್ಲೇಟು ಬರೆಯುತ್ತಾನೆ. ಬಿಳಿ ಮೇಲೆ ಕಪ್ಪು, ಹಳದಿ ಮೇಲೆ ಕಪ್ಪು, ನಿಶ್ಚಿಂತೆಯ ಕೆಲಸ. ಮೆಹರೀನ ಧಾರವಾಡದಲ್ಲಿ ಅಂಕಿಸಂಖ್ಯಾ ಶಾಸ್ತ್ರ ಓದಿ ಬಂದು, ಹಳಿಯಾಳದಲ್ಲಿರುವ ನಾಲ್ಕು ತಾಲೂಕಿನ ಹಾಲು ಉತ್ಪಾದಕರ ಒಕ್ಕೂಟದಲ್ಲಿ ಕೆಲಸಕ್ಕಿದ್ದಾಳೆ. ಒಕ್ಕೂಟಕ್ಕೆ ಹಾಲು ತಂಪು ಮಾಡುವ ದೊಡ್ಡ ಟ್ಯಾಂಕು ಒಂದು ಬಂದಿತ್ತು. ಬಂದದ್ದು ಒಂದೇ, ಕೇಳುವ ತಾಲೂಕು ನಾಲ್ಕು. ಯಾವ ತಾಲೂಕಿನ ಹಾಲು ದಾರಿಯಲ್ಲೇ ಹೆಚ್ಚು ಒಡೆಯುತ್ತದೆ ಎಂಬ ಒಂದು ವರ್ಷದ ಚಾರ್ಟನ್ನು, ತಾಲೂಕಿಗೊಂದು ಗೆರೆ ಎಳೆದು, ಮಂಗಳವಾರದ ಸಭೆಯಲ್ಲಿ ತೋರಿಸುವ ಕೆಲಸ ಮೆಹರೀನಳ ಪಾಲಿಗೆ ಬಂತು. ಒಕ್ಕೂಟದ ಈಗಿನ ಅಧ್ಯಕ್ಷರು ಬೇರೆ ಯಾರೂ ಅಲ್ಲ, ಇಂದೂರದ ಅದೇ ಅಡಿವೆಯ್ಯನವರು.

ಭಾನುವಾರ ಬೆಳಿಗ್ಗೆ ಮೆಹರೀನ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದುಕೊಂಡು ಕೂತಿದ್ದಳು. ಇಮಾಮಬಿ ಮನೆಯಲ್ಲಿರಲಿಲ್ಲ, ತಂಗಿಗೆ ಮೊಣಕಾಲಿನ ಆಪರೇಷನ್ ಆಯಿತೆಂದು ಮುಂಡಗೋಡಕ್ಕೆ ಹೋಗಿದ್ದಳು. ಆ ಮನೆಯ ಮಾತು ಉರ್ದುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ನಮಗೆ ಮುಗಿದದ್ದು ಸಾಕು.

"ಅಬ್ಬಾ, ಇಲ್ಲಿ ಬರ್ರಿ. ನಿಮ್ಮ ಕೆಲಸ ಬಂದೈತಿ," ಎಂದಳು ಮೆಹರೀನ. "ಮೂಲ್ಯಾಗ ಸಣ್ಣ ಚೌಕ ಮಾಡಿ, ಈ ಬಣ್ಣ ಅಂದ್ರ ಈ ತಾಲೂಕು ಅಂತ ಬರದ್ರ ಯಾರೂ ನೋಡಂಗಿಲ್ಲ. ಅದಕ್ಕ ತಲೆಬರಹದ ಸಾಲಿನ್ಯಾಗನ ತಾಲೂಕಿನ ಹೆಸರಿಗೆ ಅದರ ಗೆರಿ ಬಣ್ಣ ಹಚ್ಚಬೇಕು. ಒಂದ ಸಾಲು, ನಾಕು ಬಣ್ಣ. ಈ ಪೈಥಾನ್ ಅನ್ನೂ ಕಂಪ್ಯೂಟರ್ ಭಾಷಾ ನೋಡಿದ್ರ ಒಂದು ಸಾಲಿಗೆ ಒಂದ ಬಣ್ಣ ಕೊಡತೈತಿ. ಪದಗಳನ್ನ ಬ್ಯಾರೆ ಬ್ಯಾರೆ ಇಟ್ಟರ ಒಂದರ ಮ್ಯಾಲೊಂದು ಹತ್ತಿ ಕುಂದರತಾವ."

ಶೌಕತ ಕನ್ನಡಕ ಏರಿಸಿ ನೋಡಿದ. ಮುಂಡಗೋಡದ 'ಡ' ಹಳಿಯಾಳದ ಹೊಟ್ಟೆಯೊಳಗೆ ಹೊಕ್ಕಿತ್ತು. ಅವನಿಗೆ ಅಸಹ್ಯವಾಯಿತು.

"ಪದ ಅಳೀದ ಮುಂದಿನ ಪದ ಬರೀತಾರೇನು? ಮೊದಲನೇದು ಎಷ್ಟು ಅಗಲ ಐತಿ ನೋಡು. ದಾರ ಹಿಡಿ, ಗುರುತು ಹಾಕು, ಆಮ್ಯಾಲ ಎರಡನೇದು. ನಿಮ್ಮ ಕಂಪ್ಯೂಟರಿಗೆ ಯಾರೂ ಉಸ್ತಾದರ ಇಲ್ಲೇನು?"

ಉಸ್ತಾದರು ಇದ್ದರು. ಮಧ್ಯಾಹ್ನದ ಹೊತ್ತಿಗೆ ಮೆಹರೀನ ಒಂದು ಲೈಬ್ರರಿ ಹುಡುಕಿದಳು. ಲೈಬ್ರರಿ ಅಂದರೆ ಪುಸ್ತಕ ಇಡುವ ಜಾಗ ಎಂದೇ ಶೌಕತನಿಗೆ ಗೊತ್ತಿದ್ದದ್ದು. ಇದು ಹಾಗಲ್ಲ, ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಕಸುಬಿನ ಗಂಟು ಎಂದು ಮಗಳು ಬಿಡಿಸಿ ಹೇಳಿದಳು. ಇಡೀ ವಾಕ್ಯವನ್ನು ಒಂದೇ ಉಸಿರಿಗೆ ಬರೆದು, ಬಣ್ಣ ಬೇಕಾದ ಪದದ ಎರಡೂ ಬದಿಗೆ ಮೊನಚಾದ ಆವರಣ ಹಾಕಬೇಕು. ಕೆಳಗೊಂದು ಪಟ್ಟಿ ಕೊಡಬೇಕು: ಮೊದಲ ಆವರಣಕ್ಕೆ ಈ ಬಣ್ಣ, ಎರಡನೆಯದಕ್ಕೆ ಇದು, ಹೀಗೆ. ಪದ ಅಳೆದು ಜಾಗ ಬಿಡುವ ಕೆಲಸ ಅದೇ ಮಾಡುತ್ತದೆ. ಕನ್ನಡದ ಒತ್ತಕ್ಷರಗಳು ಮೊದಲು ಕೈಕಾಲು ಮುರಿದುಕೊಂಡು ಚೆಲ್ಲಾಪಿಲ್ಲಿ ಬಿದ್ದವು. ಅದಕ್ಕೂ ಒಂದು ಮದ್ದು ಸಿಕ್ಕಿತು.

"ನನ್ನಂಗ ದಾರ ಹಿಡಿತೈತಿ ಅನ್ನು," ಎಂದ ಶೌಕತ, ನಿಜವಾಗಿ ಖುಷಿಯಾಗಿ.

"ಈಗ ಬಣ್ಣ ನೀವ ಹೇಳ್ರಿ," ಎಂದಳು ಮೆಹರೀನ. "ನಿಮ್ಮಂಥ ಬಣ್ಣದ ರಾಜಾನ್ನ ಮನ್ಯಾಗ ಇಟಗೊಂಡು ನಾ ಯಾಕ ತಲಿ ಕೆಡಿಸಿಕೊಳ್ಳಲಿ?"

ಶೌಕತ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. ಇಮಾಮಬಿ ಇಲ್ಲದ ಮನೆಯಲ್ಲಿ ಬಣ್ಣ ಆರಿಸುವುದೆಂದರೆ ಟ್ರೇಲರಿನ ಕಥೆಯೇ. ಆದರೆ ತೋರಿಸು ಎಂದರೆ ತಾನೇ ಕಷ್ಟ, ಹೆಸರು ಹೇಳಲು ಕಣ್ಣೇಕೆ ಬೇಕು? ಅವನು ಕುರ್ಚಿಗೆ ಒರಗಿ, ದೊಡ್ಡ ಕಲಾಕಾರರ ಗತ್ತಿನಲ್ಲಿ ಹೇಳಿದ: "ದಾಂಡೇಲಿಗೆ ಕಾಳಿ ಹೊಳಿ ಐತಿ, ನೀಲಿ ಹಚ್ಚು. ಮುಂಡಗೋಡಕ್ಕ ಗದ್ದಿ ಹಸಿರು. ಹಳಿಯಾಳಕ್ಕ ಕೆಂಪು, ಜೋರ ಊರದು. ಜೋಯಿಡಾಕ್ಕ ಕಂದು, ಗಿಡದ ತೊಗಟಿ ಬಣ್ಣ."

"ವಾಹ್!" ಎಂದು ಮಗಳು ಬೆರಳಾಡಿಸಿದಳು. ಪಾರಾದೆ ಎಂದುಕೊಂಡ ಶೌಕತ. ಐದು ನಿಮಿಷದಲ್ಲಿ ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು.

ತಲೆಬರಹದಲ್ಲಿ ದಾಂಡೇಲಿ ಎಂಬ ಪದವೊಂದೇ ನೀಲಿಯಾಗಿ ಎದ್ದು ನಿಂತಿತ್ತು. ಉಳಿದ ಮೂರು ಹೆಸರೂ ಗೋಣಿಚೀಲ, ಕೆಳಗಿನ ಮೂರು ಗೆರೆಗಳೂ ಗೋಣಿಚೀಲ. ಯಾವ ಗೆರೆ ಯಾವ ಊರಿನದೋ ಅಲ್ಲಾನೇ ಬಲ್ಲ. ತಾನೇ ಹೇಳಿದ ಬಣ್ಣ ತನಗೇ ಕಾಣದೆ ಅವನು ಮಿಕಿಮಿಕಿ ನೋಡಿದ.

"ಹೆಂಗೈತಿ ಅಬ್ಬಾ? ಜೋಯಿಡಾದ ಗೆರಿ ನೋಡ್ರಿ, ಬ್ಯಾಸಗ್ಯಾಗ ಹೆಂಗ ಮ್ಯಾಲೆ ಹಾರೇತಿ!"

"ಹೂಂ ಹೂಂ, ನೋಡಿದೆ," ಎಂದ ಶೌಕತ, ಬೇರೊಂದು ಗೆರೆಯನ್ನು ನೋಡುತ್ತ. "ಛಲೋ ಐತಿ. ಭಾಳ ಛಲೋ ಐತಿ."

ಮಗಳು ನಾಲ್ಕು ಪ್ರತಿ ತೆಗೆಸಿ, ಒಂದನ್ನು ಅಧ್ಯಕ್ಷರಿಗೆ ಮುಂಚಿತವಾಗಿ ತೋರಿಸಲೆಂದು ಕಳಿಸಿಯೂಬಿಟ್ಟಳು. ಶೌಕತ ಹಿತ್ತಲಿಗೆ ಹೋಗಿ ಹೆಂಡತಿಗೆ ಫೋನ್ ಹಚ್ಚಿ, ಪಿಸುಮಾತಿನಲ್ಲಿ ಎಲ್ಲವನ್ನೂ ಒಪ್ಪಿಸಿದ.

"ಆಕಿಗೆ ಹೇಳಿಬಿಡ್ರಿ," ಎಂದಳು ಇಮಾಮಬಿ.

"ಹೆಂಗ ಹೇಳಲಿ? ಇಷ್ಟು ವರ್ಷ ಮುಚ್ಚಿಟ್ಟದ್ದು..."

"ಡಬ್ಬಿ ಆದ್ರ ನಾ ಗಂಟು ಕಟ್ಟಿ ಕೊಡತಿದ್ದೆ. ಮಗಳ ಕಂಪ್ಯೂಟರಿ‌ಗೆ ಇಲ್ಲಿಂದ ಹೆಂಗ ಗಂಟು ಕಟ್ಟಲಿ ಹೇಳ್ರಿ?" ಎಂದು ಇಮಾಮಬಿ ನಕ್ಕು ಫೋನಿಟ್ಟಳು. ಅವಳಿಗೆ ನಗು, ಇವನಿಗೆ ಊಟ ಸೇರಲಿಲ್ಲ.

ಸಭೆಯ ತಯಾರಿಗೆಂದು ಮೆಹರೀನ ಮನೆಯಲ್ಲೇ ಉಳಿದಿದ್ದ ಸೋಮವಾರ ಮಧ್ಯಾಹ್ನ ಒಕ್ಕೂಟದ ಜೀಪು ಮನೆಯ ಮುಂದೆ ನಿಂತು, ದಾನೇಶ್ವರಿ ಇಳಿದಳು. ಮುಂಡಗೋಡ ಕಡೆಯ ಚಿಗಳ್ಳಿಯ ಹುಡುಗಿ, ಮೆಹರೀನಳ ಜೊತೆಯಲ್ಲೇ ಕೆಲಸ ಮಾಡುವವಳು. ಅಧ್ಯಕ್ಷರಿಗೆ ಚಾರ್ಟು ತೋರಿಸಿ ಬಂದವಳು ಇವಳೇ.

"ಏನಂದ್ರು?" ಎಂದು ಮೆಹರೀನ ಬಾಗಿಲಲ್ಲೇ ಹಿಡಿದಳು.

"ಹಾಳಿ ಹತ್ರ ಹಿಡದು ನೋಡಿದ್ರು, ದೂರ ಹಿಡದು ನೋಡಿದ್ರು. ಭಾಳ ಛಲೋ ಐತಿ ಅಂದ್ರು," ಎಂದಳು ದಾನೇಶ್ವರಿ. "ಆಮ್ಯಾಲ, ಚಷ್ಮಾ ಇಲ್ಲವ್ವಾ, ಜೋಯಿಡಾದ ಗೆರಿ ಯಾವುದು ಬಟ್ಟಿಟ್ಟು ತೋರ್ಸು ಅಂದ್ರು. ದಿನಾ ಚಷ್ಮಾ ಇಲ್ದ ಪೇಪರ್ ಓದೂ ಮನುಷ್ಯಾ ಅವರು! ತೋರಿಸಿದೆ. ಎರಡ ನಿಮಿಷಕ್ಕ ಮತ್ತ ಅದನ್ನ ಕೇಳಿದ್ರು. ಕಡೀಕ, ಇದ್ರಾಗ ಅಂಥಾ ಫರಕ್ ಏನೂ ಕಾಣವಲ್ದು, ಸಭಾದಾಗ ಸುಮ್ಮ ಕೈ ಎತ್ತಿಸಿ ಬಿಡೂಣು ಅಂದ್ರು."

ಕೈ ಎತ್ತಿಸಿದರೆ ಕತೆ ಮುಗಿದಂತೆಯೇ. ಜೋಯಿಡಾದ ಸದಸ್ಯರು ಎಲ್ಲರಿಗಿಂತ ಕಡಿಮೆ, ಟ್ಯಾಂಕು ಅವರಿಗೆ ದಕ್ಕುವುದಿಲ್ಲ. ದಾನೇಶ್ವರಿ ಚಹಾ ಕುಡಿದು ಹೋದಳು. ಮೆಹರೀನ ಮಾತ್ರ ಕುರ್ಚಿಯಲ್ಲಿ ಕುಸಿದು ಕೂತಳು.

ಶೌಕತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಹತ್ತಿರ ಹಿಡಿದು, ದೂರ ಹಿಡಿದು, ಭಾಳ ಛಲೋ ಐತಿ. ಈ ಮಾತನ್ನು ಅವನು ಬೇರೆಲ್ಲೋ ಕೇಳಿದ್ದ. ಟ್ರೇಲರಿಗೆ ಎರಡು ಸುತ್ತು ಹಾಕಿ ಬೆನ್ನು ತಟ್ಟಿದಾಗ ಕೇಳಿದ್ದ, ನಿನ್ನೆ ತನ್ನ ಬಾಯಿಂದಲೇ ಕೇಳಿದ್ದ. ಅಯ್ಯೋ ದೇವರೇ! ಆ ಮನುಷ್ಯ ಮಾನ ಕಾಯಲಿಲ್ಲ. ಅವರಿಗೂ ಕಾಣಲಿಲ್ಲ. ಕೆಂಪು ಟ್ರೇಲರಿನ ಎದುರು ಇಬ್ಬರು ಗಂಡಸರು ನಿಂತು, ಎಂಥ ಹಸಿರು, ಎಂಥ ಹಸಿರು ಎಂದು ಒಬ್ಬರನ್ನೊಬ್ಬರು ಹೊಗಳಿದ್ದರು. ನಗು ಗಂಟಲಿಗೆ ಬಂತು, ಮಗಳ ಮುಖ ನೋಡಿ ಅಲ್ಲೇ ನಿಂತಿತು.

"ಕಾಣವಲ್ದು ಅಂದ್ರ ತಪ್ಪು ನಂದ ಐತಿ ಅಬ್ಬಾ," ಎನ್ನುತ್ತಿದ್ದಳು ಅವಳು. "ಇಷ್ಟು ಓದಿ, ಒಂದು ಚಿತ್ರ ನಾಕು ಮಂದಿಗೆ ತಿಳಿಯೂ ಹಂಗ ಮಾಡಾಕ ಬರಲಿಲ್ಲ ನನಗ. ಈ ಕೆಲಸಕ್ಕ ನಾ ಲಾಯಕ್ಕಿಲ್ಲ."

ಅವಳ ಕಣ್ಣಲ್ಲಿ ತಾನು ಇಳಿಯಬಾರದೆಂದು ಇಪ್ಪತ್ತಾರು ವರ್ಷ ಜೋಪಾನ ಮಾಡಿದ್ದ ಮನುಷ್ಯನಿಗೆ, ಅವಳು ತನ್ನ ಕಣ್ಣಲ್ಲೇ ಇಳಿಯುವುದನ್ನು ನೋಡಿ ನಿಲ್ಲಲಾಗಲಿಲ್ಲ. ಹಿತ್ತಲ ಅಟ್ಟದಿಂದ ಮೂರು ಹಳೆಯ ಡಬ್ಬಿ ತಂದು ಮೇಜಿನ ಮೇಲಿಟ್ಟು, ಮುಚ್ಚಳ ಕಿತ್ತ.

"ಇದ್ರಾಗ ಹಸಿರು ಯಾವುದು ಹೇಳು."

"ಇದು," ಎಂದಳು ಮೆಹರೀನ, ಅರ್ಥವಾಗದೆ.

"ಹೆಂಗ ಗೊತ್ತಾತು?"

"ಹೆಂಗಂದ್ರ? ಕಾಣತೈತಲ್ಲ."

"ನನಗ ಗಂಟು ಎಣಿಸಿದ್ರ ಗೊತ್ತಾಗತೈತಿ," ಎಂದ ಶೌಕತ. "ಒಂದು ಗಂಟು ಕೆಂಪು, ಎರಡು ಗಂಟು ಹಸಿರು. ಗಂಟು ಇಲ್ದಿದ್ರ ನಾ ಪೇಂಟರ್ ಅಲ್ಲ ಬೇಟಾ. ನಿನ್ನೆ ನಿನ್ನ ಚಾರ್ಟ್ ನನಗೂ ಕಾಣಲಿಲ್ಲ. ಸುಳ್ಳು ಹೇಳಿದೆ. ತಪ್ಪು ನಿಂದಲ್ಲ, ಬಣ್ಣ ಹೇಳಿದ ಕುರುಡಂದು."

ಮೆಹರೀನ ಡಬ್ಬಿಯ ಪಟ್ಟಿ ಹಿಡಿದು ಗಂಟುಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದಳು. ಶಾಲೆಯ ಗೋಡೆ, ಲಾರಿಯ ಹೂವು, ಅಮ್ಮ ಕಲಿಸಿದ ಬಣ್ಣದ ಹೆಸರುಗಳು, ಎಲ್ಲವೂ ಅವಳ ತಲೆಯಲ್ಲಿ ಒಂದೊಂದಾಗಿ ತಿರುಗಿ ಹೊಸ ಜಾಗದಲ್ಲಿ ಕೂರುತ್ತಿದ್ದಿರಬೇಕು. ಶೌಕತ ತಲೆ ತಗ್ಗಿಸಿ ಕಾದ. ಅಷ್ಟು ಉದ್ದದ ನಿಮಿಷವನ್ನು ಅವನು ದರ್ಗಾ ಬೋರ್ಡಿನ ಮುಂದೆಯೂ ಕಂಡಿರಲಿಲ್ಲ.

"ಅಬ್ಬಾ," ಎಂದಳು ಕೊನೆಗೆ, ಕಣ್ಣು ಒರೆಸಿಕೊಂಡು. "ಕಾಣದ ಬಣ್ಣದಾಗ ನೀವು ಮೂವತ್ತು ವರ್ಷ ಒಂದು ತಪ್ಪಿಲ್ದ ಬರದ್ರಿ. ನಾ ಕಾಣೂ ಬಣ್ಣದಾಗ ಒಂದು ಸಾಲು ಸರಿ ಬರೀಲಿಲ್ಲ. ಕುರುಡ ಅಂತೀರಿ?"

"ಒಂದು ತಪ್ಪಾಗೇತಿ," ಎಂದ ಶೌಕತ ಟ್ರೇಲರ್ ನೆನೆದು. ಯಾರ ಟ್ರೇಲರ್ ಎಂದು ಮಾತ್ರ ಹೇಳಲಿಲ್ಲ. ತನ್ನ ಗುಟ್ಟು ತನ್ನದು, ಇನ್ನೊಬ್ಬರ ಗುಟ್ಟು ಬಿಚ್ಚಲು ತಾನ್ಯಾರು? "ಸಭಾದಾಗ ನನ್ನಂತಾವರು ಇನ್ನೂ ಇರಬಹುದು, ಅಷ್ಟ ತಿಳಕೋ."

"ಇರತಾರ. ಇಪ್ಪತ್ತು ಮೂವತ್ತು ಗಂಡಸರಾಗ ಒಬ್ಬರಿಗೆ ಹಿಂಗಿರತೈತಿ ಅಂತ ಓದಿದ್ದೆ. ಪರೀಕ್ಷೆ ಬರದು ಮರತುಬಿಟ್ಟೆ." ಅವಳು ಮೂಗು ಸೀಟಿಕೊಂಡು ಕುರ್ಚಿ ಎಳೆದಳು. "ಬರ್ರಿ, ಇಲ್ಲಿ ಕುಂದರ್ರಿ. ಈಗ ಖರೇ ಹೇಳಬೇಕು. ಕಂಡರ ಕಾಣತೈತಿ, ಇಲ್ಲಂದ್ರ ಇಲ್ಲ."

ಆ ಲೈಬ್ರರಿಯ ಪಟ್ಟಿಯಲ್ಲಿ ಬಣ್ಣ ಒಂದೇ ಅಲ್ಲ, ಇನ್ನೂ ಏನೇನೋ ಕೊಡಲು ಬರುತ್ತಿತ್ತು. ಒಂದು ಪದ ದಪ್ಪ, ಒಂದು ಪದ ಓರೆ, ಒಂದರ ಹಿಂದೆ ಬಣ್ಣದ ಪಟ್ಟಿ. ಮೆಹರೀನ ಕೆಂಪು, ಹಸಿರು, ಕಂದನ್ನು ಕಿತ್ತೆಸೆದಳು. ದಾಂಡೇಲಿಗೆ ನೀಲಿ ಉಳಿಯಿತು. ಹಳಿಯಾಳಕ್ಕೆ ಹಳದಿ ಪಟ್ಟಿಯ ಮೇಲೆ ಕಪ್ಪು ಅಕ್ಷರ. ಮುಂಡಗೋಡ ಬೂದು, ಓರೆ. ಜೋಯಿಡಾ ಎಲ್ಲಕ್ಕಿಂತ ದಪ್ಪ, ಕಡುಕಪ್ಪು. "ಕಾಣವಲ್ದು," ಎಂದ ಶೌಕತ. ಅವಳು ಬದಲಿಸಿದಳು. "ಈ ಎರಡು ಒಂದ ಆದಂಗ ಆಗತಾವ," ಎಂದ. ಮತ್ತೆ ಬದಲಿಸಿದಳು. ಜೀವಮಾನದಲ್ಲಿ ಅವನು ಅಷ್ಟು ಸಲ ಕಾಣವಲ್ದು ಎಂದಿರಲಿಲ್ಲ. ಅಂದಷ್ಟೂ ಎದೆ ಹಗುರಾಗುತ್ತ ಹೋಯಿತು.

ಕೊನೆಯಲ್ಲಿ ಅವಳು ಸ್ವಲ್ಪ ಹೊತ್ತು ಡಬ್ಬಿಗಳನ್ನೇ ನೋಡಿ, ಗೆರೆಗಳ ಮೇಲೆ ದುಂಡನೆಯ ಚುಕ್ಕಿಗಳ ಗಂಟು ಹಾಕಿದಳು. ಹಳಿಯಾಳದ ಗೆರೆಗೆ ಒಂದೊಂದು, ಮುಂಡಗೋಡದ್ದಕ್ಕೆ ಎರಡೆರಡು, ಜೋಯಿಡಾದ್ದಕ್ಕೆ ಮೂರು ಮೂರು. ತಲೆಬರಹದಲ್ಲೂ ಊರಿನ ಹೆಸರಿನ ಪಕ್ಕ ಅಷ್ಟಷ್ಟೇ ಗಂಟು. ದಾಂಡೇಲಿಗೆ ಗಂಟಿಲ್ಲ, ಅದು ನೀಲಿ.

ಶೌಕತ ಪರದೆಯ ಮೇಲೆ ಬೆರಳಿಟ್ಟ. ಮೂರು ಗಂಟಿನ ಗೆರೆ ಹಿಡಿದು ಚಳಿಗಾಲ ದಾಟಿದ, ಶಿವರಾತ್ರಿ ದಾಟಿದ, ಅಲ್ಲಿಂದ ಬೆರಳು ಸರ್ರನೆ ಮೇಲೇರಿತು.

"ಅಲ್ಲೇ! ಜೋಯಿಡಾದಾಗ ಇಷ್ಟು ಹಾಲು ಹಾಳಾಗತೈತೇನು?" ಎಂದು ಬೆಚ್ಚಿ ಕೇಳಿದ. ಮೆಹರೀನ ಅಪ್ಪನ ಹೆಗಲಿಗೆ ತಲೆಯಿಟ್ಟು ನಗುತ್ತ ಅತ್ತಳು.

ಮಂಗಳವಾರ ಹಳಿಯಾಳದ ಸಭೆಗೆ ಅವಳು ಅಪ್ಪನನ್ನೂ ಎಳೆದುಕೊಂಡು ಹೋದಳು. ಅವನ ಗುಟ್ಟನ್ನು ಯಾರಿಗೂ ಹೇಳುವುದಿಲ್ಲ ಎಂದು ದಾರಿಯಲ್ಲಿ ತಾನಾಗಿಯೇ ಮಾತು ಕೊಟ್ಟಳು. ಶೌಕತ ಹಿಂದಿನ ಸಾಲಿನಲ್ಲಿ, ಕ್ಯಾನು ಮುಂದಿಟ್ಟುಕೊಂಡ ಹೈನುಗಾರರ ನಡುವೆ ಕೂತ. ಗೋಡೆಯ ಮೇಲೆ ಚಾರ್ಟು ಬಂತು. ಅಡಿವೆಯ್ಯನವರು ವೇದಿಕೆಯ ಮೇಲಿಂದ ಕತ್ತು ಚಾಚಿದರು. ಆಮೇಲೆ ಎದ್ದು, ಪಂಚೆ ಎತ್ತಿ ಹಿಡಿದು, ಗೋಡೆಯ ಹತ್ತಿರವೇ ಹೋದರು. ಎಪ್ಪತ್ತು ದಾಟಿದ ಬೆರಳು ಮೂರು ಗಂಟಿನ ಗೆರೆ ಹಿಡಿದು ಹೊರಟಿತು.

"ಇದು ಜೋಯಿಡಾ," ಎಂದರು.

"ಹೌದ್ರಿ ಅಜ್ಜಾರ."

"ಬ್ಯಾಸಗ್ಯಾಗ ನಾಕು ಕ್ಯಾನಿಗೆ ಒಂದು ಕ್ಯಾನ್ ಒಡದು ಹೋಗತೈತಿ. ನಮ್ಮ ಮುಂಡಗೋಡದ್ದು ಇಲ್ಲೇ ಕೆಳಗ ಐತಿ." ಅವರು ಸಭೆಯ ಕಡೆ ತಿರುಗಿದರು. "ಇದನ್ನ ನೋಡಿದ ಮ್ಯಾಲೂ ಟ್ಯಾಂಕು ನಮಗ ಬೇಕಂತ ಯಾರು ಕೈ ಎತ್ತತೀರಿ, ಎತ್ರಿ ನೋಡೂಣು." ಯಾರೂ ಎತ್ತಲಿಲ್ಲ. ಜೋಯಿಡಾದ ಹೆಂಗಸರು ಕೊಂಕಣಿಯಲ್ಲಿ ಒಂದೇ ಸಲ ಮಾತಾಡತೊಡಗಿದರು.

ಅಡಿವೆಯ್ಯನವರು ಮತ್ತೆ ಗೋಡೆಗೆ ತಿರುಗಿ, ಚಾರ್ಟಿನ ಅಡಿಯಲ್ಲಿದ್ದ ಸಣ್ಣ ಸಾಲನ್ನು, ಚಷ್ಮಾ ಇಲ್ಲದೆಯೇ, ಗಟ್ಟಿಯಾಗಿ ಓದಿದರು. "ಗಂಟು: ಇಮಾಮಬಿ, ದಾಂಡೇಲಿ. ಇವರು ಯಾರವ್ವಾ?"

ಮೆಹರೀನ ಬಾಯಿ ತೆರೆದು, ಕೊಟ್ಟ ಮಾತು ನೆನಪಾಗಿ, ಅಪ್ಪನ ಕಡೆ ನೋಡಿದಳು. ಶೌಕತ ಎದ್ದು ನಿಂತ. ಇದೇ ಸಭಾಂಗಣದ ಹೊರಗಿನ ಹೆಸರು ಬರೆದವನೂ ಅವನೇ.

"ನನ್ನ ಹೆಂಡ್ತೀರಿ," ಎಂದ. "ನನ್ನ ಕಣ್ಣಿಗೆ ಕೆಂಪು, ಹಸಿರು ಒಂದ ಕಾಣತಾವ್ರಿ. ಆಕಿ ಡಬ್ಬಿಗೆ ಗಂಟು ಕಟ್ಟಿ ಕೊಡತಿದ್ಲು, ನಾ ನಿಮ್ಮ ಬೋರ್ಡ್ ಬರೀತಿದ್ದೆ. ಇಷ್ಟು ದಿನ ಯಾರಿಗೂ ಹೇಳಿಲ್ಲ. ಈಗ ನನ್ನ ಮಗಳು ಆ ಗಂಟು ಇದಕ್ಕ ಹಾಕ್ಯಾಳ್ರಿ, ನನ್ನಂತಾವರಿಗೂ ಕಾಣಲಿ ಅಂತ."

"ನನ್ನ ಲಾರಿ ಗುಲಾಬಿ ಹೂವು?" ಎಂದು ಯಾರೋ ಗಾಬರಿಯಲ್ಲಿ ಕೇಳಿದರು. "ಕೆಂಪ ಐತಿ, ನಾ ನೋಡೇನಿ, ಸುಮ್ಮ ಕುಂದರು," ಎಂದರು ಇನ್ನೊಬ್ಬರು. ನಗು ಎದ್ದಿತು, ಆದರೆ ಅದು ನೋಯಿಸುವ ನಗುವಲ್ಲ. ಆ ನಗುವಿನ ನಡುವೆ ಜೋಯಿಡಾದ ಒಬ್ಬ ಮುದುಕರು ಮೆಲ್ಲಗೆ ಎದ್ದು, "ನನಗೂ ಹಂಗ ಕಾಣತೈತ್ರಿ" ಎಂದು ಹೇಳಿ ಕೂತರು. ಮೆಹರೀನ ಗೋಡೆಯ ಪಕ್ಕ ನಿಂತು ಅಪ್ಪನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಶೌಕತ ಇಳಿದಿರಲಿಲ್ಲ.

ಊಟದ ನಂತರ ಕೈ ತೊಳೆಯುವ ನಳದ ಹತ್ತಿರ ಅಡಿವೆಯ್ಯನವರು ಪಕ್ಕಕ್ಕೆ ಬಂದು ನಿಂತರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಪೇಂಟರ್, ಆ ಟ್ರೇಲರ್..."

"ಕೆಂಪು ಆಗಿತ್ರಿ. ಹೆಂಡ್ತಿ ಹೇಳಿದ್ಲು. ತಪ್ಪಾತ್ರಿ."

"ನನಗೂ ಹೆಂಡ್ತೀನ ಹೇಳಿದ್ಲು. ಕೆಂಪು ನಾನ ಹೇಳಿದ್ದು ಅಂತ ಊರೆಲ್ಲಾ ಸಾರಿಕೋತ ತಿರುಗಿದೆ, ಇಲ್ಲಂದ್ರ ನನ್ನ ಕಣ್ಣು ಗೊತ್ತಾಗತಿತ್ತು. ನೀನು ಬಣ್ಣದವ, ನನ್ನ ಗುಟ್ಟು ತಿಳಕೊಂಡ ಕೆಂಪು ಹಚ್ಚಿ ಪರೀಕ್ಷೆ ಮಾಡಿದಿ ಅನಕೊಂಡಿದ್ದೆ. ಇಪ್ಪತ್ತಾರು ವರ್ಷ ನಿನಗ ಅಂಜಿ ದೂರ ಇದ್ದೆನಪಾ!"

"ನಾನೂ ನಿಮಗ ಅಂಜಿ ದೂರ ಇದ್ದೇರೀ," ಎಂದ ಶೌಕತ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನಳ ಸುರಿಯುತ್ತಲೇ ಇತ್ತು. ಆಮೇಲೆ ಆ ಇಬ್ಬರು ಅಜ್ಜಂದಿರು ಗೋಡೆ ಹಿಡಿದುಕೊಂಡು ನಕ್ಕದ್ದನ್ನು ನೋಡಿ, ಸಾಲಿನಲ್ಲಿ ನಿಂತವರು ಊಟದಲ್ಲಿ ಏನೋ ಹೆಚ್ಚುಕಡಿಮೆ ಆಗಿದೆ ಎಂದುಕೊಂಡರು.

"ನನಗ ನಿನ್ನಷ್ಟು ಧೈರ್ಯ ಇಲ್ಲ," ಎಂದರು ಅಡಿವೆಯ್ಯನವರು ಕಣ್ಣೊರೆಸಿಕೊಂಡು. "ಯಾರಿಗೂ ಹೇಳಬ್ಯಾಡ."

"ಹೇಳಂಗಿಲ್ರಿ."

ಸಂಜೆಯ ಬಸ್ಸಿನಲ್ಲಿ ಮೆಹರೀನ ಕಿಟಕಿಯ ಪಕ್ಕ ಕೂತು ಕೇಳಿದಳು, "ನಳದ ಹತ್ರ ಅಧ್ಯಕ್ಷರು ಅಷ್ಟೊತ್ತು ಏನ ಮಾತಾಡಿದ್ರು ಅಬ್ಬಾ?"

ಶೌಕತ ಹೊರಗೆ ನೋಡಿದ. ರಸ್ತೆಯ ಎರಡೂ ಬದಿಗೆ ಕಾಡು, ಅವನ ಕಣ್ಣಿಗೆ ಯಾವಾಗಲೂ ಇದ್ದ ಬಣ್ಣದಲ್ಲೇ ಇತ್ತು.

"ಚಾರ್ಟ್ ಛಲೋ ಐತಿ ಅಂದ್ರು," ಎಂದ.

ಮಗಳು ಅವನನ್ನು ಓರೆಯಾಗಿ ನೋಡಿದಳು. "ಖರೇನ?"

"ಈ ಸಲ ಖರೇನ."

ಅವಳಿಗೆ ಏನು ಅರ್ಥವಾಯಿತೋ, ಏನು ಬಿಟ್ಟಿತೋ. ಮತ್ತೇನೂ ಕೇಳದೆ ಅಪ್ಪನ ಕೈ ತನ್ನ ಕೈಯಲ್ಲಿ ತೆಗೆದುಕೊಂಡು, ದಾಂಡೇಲಿ ಬರುವವರೆಗೂ ಹಾಗೇ ಹಿಡಿದು ಕೂತಳು.